ನೀಕುಡಿ ಕಣಿವೆ

ಬಯಲುಸೀಮೆಯ ಆ ಮೂಲೆಯಲ್ಲಿ ಎರಡು ಬೋಳುಗುಡ್ಡಗಳು ಒಂದಕ್ಕೊಂದು ಹೆಗಲು ತಾಗಿಸಲು ಬಂದು, ಯಾಕೋ ಮನಸ್ಸು ಬದಲಿಸಿದಂತೆ ನಿಂತುಬಿಟ್ಟಿವೆ. ಅವುಗಳ ನಡುವಿನ ಸಂದಿಯೇ ನೀಕುಡಿ ಕಣಿವೆ. ಈಗ ಅಲ್ಲಿ ಡಾಂಬರು ರಸ್ತೆಯಿದೆ. ಕಡಲೆ, ಮೆಕ್ಕೆಜೋಳ ಹೇರಿಕೊಂಡ ಲಾರಿಗಳು ಏರು ಹತ್ತುವಾಗ ಇಡುವ ಗೋಳು ಎರಡೂ ಗುಡ್ಡಗಳಿಗೆ ಬಡಿದು ಬಹಳ ಹೊತ್ತು ಕಣಿವೆಯಲ್ಲೇ ಸುತ್ತುತ್ತಿರುತ್ತದೆ. ಮರವೆಂದರೆ ಅಲ್ಲೊಂದು ಇಲ್ಲೊಂದು ಜಾಲಿ. ಉಳಿದದ್ದೆಲ್ಲ ಕಾರೆಕಂಟಿ, ಕಳ್ಳಿ, ಕಾದ ಬಂಡೆ. ಏರಿನ ನೆತ್ತಿಯಲ್ಲಿ, ರಸ್ತೆ ಕೊಂಚ ಅಗಲವಾಗುವ ಕಡೆ, ಕಲ್ಲುಚಪ್ಪಡಿ ಹೊದಿಸಿದ ತಗ್ಗು ಮಂಟಪವೊಂದಿದೆ. ರಸ್ತೆಬದಿಯ ಫಲಕದ ಮೇಲೆ ‘ನೀರ್ಕುಡಿ’ ಎಂದು ಬರೆದಿದ್ದಾರೆ. ದಾರಿಹೋಕರು ನೀರು ಕುಡಿಯುತ್ತಿದ್ದ ಜಾಗವಾದ್ದರಿಂದ ಅದೇ ಸರಿಯಾದ ರೂಪವೆಂದೂ, ಜನರ ಬಾಯಲ್ಲಿ ನಡುವಿನ ‘ರ್’ ಸವೆದು ಹೋಗಿದೆಯೆಂದೂ ಓದಿದವರು ವಿವರಿಸುತ್ತಾರೆ. ಕಣಿವೆಯ ಬುಡದ ಹಳ್ಳಿಯ ಹಿರಿಯರು ಮಾತ್ರ ಇದನ್ನು ಒಪ್ಪುವುದಿಲ್ಲ. “ನೀರಲ್ಲ ಸ್ವಾಮಿ, ನೀ. ನೀ ಕುಡಿ” ಎನ್ನುತ್ತಾರೆ. ಆ ‘ನೀ’ ಯಾರು, ಅದನ್ನು ಅಂದವರು ಯಾರು ಎಂದು ಕೇಳಿದರೆ, ಮೊದಲು ಕುಳಿತುಕೊಳ್ಳಲು ಹೇಳಿ, ಆಮೇಲೆ ಈ ಕಥೆಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಬಿಳಿಗಲ್ಲಿನ ಕೋಟೆಯಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಮೂಡಲ ಸೀಮೆಯ ಕುರಿಗಾರ ಹಟ್ಟಿಗಳಿಂದ ಬಿಳಿಗಲ್ಲಿನ ಪೇಟೆಗೆ ಹೋಗಲು ಇದ್ದುದು ಇದೊಂದೇ ದಾರಿ. ಉಪ್ಪಿನ ಹೇರೆತ್ತಿನವರು, ಬಳೆಗಾರರು, ಕಂಬಳಿ ಮಾರುವವರು, ಮಗಳ ಮನೆಗೆ ಹೊರಟ ಮುದುಕಿಯರು ಎಲ್ಲರೂ ಈ ಸಂದಿಯಲ್ಲೇ ತೂರಿ ಹೋಗಬೇಕಿತ್ತು. ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ನೀರಿರಲಿಲ್ಲ. ಅಂಥ ಜಾಗದಲ್ಲಿ ಒಬ್ಬ ಪುಣ್ಯಾತ್ಮ ಅರವಟಿಗೆ ಇಟ್ಟಿದ್ದ. ಹೆತ್ತವರು ಇಟ್ಟ ಹೆಸರೇನಿತ್ತೋ, ಜನ ಅವನನ್ನು ನೀರಪ್ಪ ಎಂದೇ ಕರೆಯುತ್ತಿದ್ದರು. ತೆಳ್ಳಗಿನ ಮೈ, ಮಡಿ ಮಾಡಿದ ಬಿಳಿ ಪಂಚೆ, ಮಗುವಿಗೆ ಲಾಲಿ ಹೇಳುವವರ ಹಾಗೆ ಮೆತ್ತಗಿನ ದನಿ. ಬಿಸಿಲಲ್ಲಿ ಬಂದವರಿಗೆ ಕೂಡಲೇ ನೀರು ಕೊಡುತ್ತಿರಲಿಲ್ಲ. “ಬೆವರು ಆರಲಿ ತಾಯಿ, ಆಮೇಲೆ ಕುಡಿ. ಕಾದ ಮೈಗೆ ತಣ್ಣೀರು ಕೇಡು” ಎಂದು ನೆರಳಲ್ಲಿ ಕೂರಿಸುತ್ತಿದ್ದ. ಕಣಿವೆಯ ಹೊರಗೆ, ಕೆಳಗಿನ ಒರತೆಯಿಂದ ನೀರು ಹೊತ್ತು ತರಲು ಅವನಿಗೆ ಇಬ್ಬರು ತಮ್ಮಂದಿರಿದ್ದರು. ಕೆಂಪ ಎಂಬ ಕಂದುಬಣ್ಣದ ಒಂದು ನಾಯಿಯೂ ಇತ್ತು. ಅವನು ತಾನು ಉಣ್ಣುವ ಮೊದಲು ಅದಕ್ಕೆ ಇಡುತ್ತಿದ್ದ. ಬಿಳಿಗಲ್ಲಿನ ನಾಯಕ ಅವನಿಗೆ ಉಂಬಳಿ ಬಿಟ್ಟುಕೊಟ್ಟಿದ್ದ. ಬೇಟೆಗೆ ಬಂದಾಗ ಕುದುರೆಯಿಂದಿಳಿದು ಅವನ ಕಾಲು ಮುಟ್ಟುತ್ತಿದ್ದ. ಆ ಸೀಮೆಯಲ್ಲಿ ಯಾರೂ, ಅವನಿಗಿಂತ ಹಿರಿಯರು ಕೂಡ, ನೀರಪ್ಪನನ್ನು ‘ನೀನು’ ಎಂದವರಿರಲಿಲ್ಲ. ‘ನೀವು’, ‘ತಾವು’, ‘ಅಪ್ಪಾವರು’ ಎಂದೇ ಮಾತು.

ಮೂಡಲ ದಿಕ್ಕಿನ ಜಾಲಿಹಟ್ಟಿಯಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡು ತವರಿಗೆ ಮರಳಿದವಳು. ಮರಳಿದ ವರ್ಷವೇ ತಾಯಿಯೂ ಹೋದಳು. ಇನ್ನೂ ಅಂಬೆಗಾಲಿಡುತ್ತಿದ್ದ ತಮ್ಮ ಮೈಲಾರಿಯನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದಳು. ನಕ್ಕರೆ ಎರಡೂ ಕಣ್ಣು ಮುಚ್ಚಿಹೋಗುವ ಹುಡುಗ, ನೋಡುನೋಡುತ್ತ ಬಾಗಿಲಿಗೆ ತಲೆ ತಗುಲುವ ಆಳಾದ. ಒಂದು ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಅಕ್ಕ ತಮ್ಮ ಸೇರಿ ನೇಯ್ದ ಕಂಬಳಿಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಅವನು ಬಿಳಿಗಲ್ಲಿಗೆ ಹೊರಟ. ಊರಿನ ಉಳಿದವರು ಇನ್ನೂ ಗಂಟುಮೂಟೆ ಕಟ್ಟಿಕೊಳ್ಳುತ್ತಿದ್ದರು. “ಗುಂಪು ಕಾಯ್ತಾ ಕೂತ್ರೆ ಮಳೆ ಹಿಡ್ಕಂತೈತಕ್ಕಾ. ನಾನು ಮುಂದೆ ಹೋಗಿರ್ತೀನಿ” ಎಂದ. ಮಾಳವ್ವನೂ ತಡೆಯಲಿಲ್ಲ. “ಕಣಿವ್ಯಾಗೆ ನೀರಪ್ಪಾರು ಅದಾರಲ್ಲ, ಇನ್ನೇನು ಹೆದರಿಕೆ” ಎಂದು ತಾನೇ ರೊಟ್ಟಿ ಕಟ್ಟಿಕೊಟ್ಟಳು.

ಹೋದವನು ಬರಲಿಲ್ಲ. ಹಿಂದಿನಿಂದ ಹೊರಟ ಗುಂಪು ಮಾರಾಟ ಮುಗಿಸಿ ಬಂತು. ಪೇಟೆಯಲ್ಲಿ ಅವನನ್ನು ಕಂಡವರಿರಲಿಲ್ಲ. ಮಳೆಗಾಲ ಬಂದು ಹೋಯಿತು. ಊರು ತನಗೆ ತಿಳಿದ ಹಾಗೆ ಕಾರಣ ಹುಡುಕಿತು. ಯಾವುದೋ ದಂಡಿನಲ್ಲಿ ಸೇರಿಕೊಂಡಿರಬೇಕು ಎಂದರು ಕೆಲವರು. ಪೇಟೆಯ ಹೆಣ್ಣಿನ ಸಹವಾಸವಾಗಿದೆ, ಕಂಬಳಿ ಮಾರಿ ಅಲ್ಲೇ ಉಳಿದಿದ್ದಾನೆ ಎಂದರು ಇನ್ನು ಕೆಲವರು. ಬೆಳೆಸಿದ ಅಕ್ಕನನ್ನು ಮರೆತ ಎಂದು ಹೆಂಗಸರು ಮರುಗಿದರು. ಆ ಮರುಕವೇ ಮಾಳವ್ವನಿಗೆ ತಡೆಯಲಾಗಲಿಲ್ಲ. ಅವನು ಸತ್ತಿರಬಹುದೆಂದು ಹೇಳಿದ್ದರೆ ಅಳುತ್ತಿದ್ದಳು. ಮರೆತ ಎಂದಾಗ ಎದ್ದು ನಿಂತಳು. ಉಪ್ಪಿನ ಹೇರೆತ್ತಿನವರ ಒಂದು ಗುಂಪು ಹಟ್ಟಿಯ ಮೇಲೆ ಹಾದು ಹೋಗುತ್ತಿದ್ದಾಗ ಅವರ ಜೊತೆ ಸೇರಿಕೊಂಡಳು.

ದಾರಿಯುದ್ದಕ್ಕೂ ಕೇಳುತ್ತ ಹೋದಳು. ಎಡಗಿವಿಗೆ ಒಂಟಿ ಇಟ್ಟಿದ್ದ, ಎತ್ತರದ ಹುಡುಗ, ಕತ್ತೆಯ ಮೇಲೆ ಕಂಬಳಿ. ಜನ ನೆನಪು ಮಾಡಿಕೊಂಡರು. ಒಂದು ಊರಲ್ಲಿ ಅವನು ಬಾವಿಕಟ್ಟೆಯ ಮೇಲೆ ಮಲಗಿದ್ದ. ಇನ್ನೊಂದು ಊರಲ್ಲಿ ಮಜ್ಜಿಗೆ ಕೇಳಿ ಕುಡಿದಿದ್ದ. ಕಣಿವೆಯ ಈಚೆಬುಡದ ಹಳ್ಳಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಒಬ್ಬಾಕೆ, “ನಗುನಗುತಾ ಹೋದ್ನವ್ವ. ನೀರು ಕೊಡ್ತೀನಿ ಅಂದ್ರೆ, ಬ್ಯಾಡ, ನೀರಪ್ಪಾರ ತಾವ ಕುಡೀತೀನಿ ಅಂದ” ಎಂದಳು. ಅಂದು ಮಧ್ಯಾಹ್ನ ಹೇರೆತ್ತಿನವರೊಂದಿಗೆ ಅವಳೂ ನೀರಪ್ಪನ ನೆರಳಲ್ಲಿ ಕುಳಿತು ಬೆವರಾರಿಸಿಕೊಂಡಳು. ತಮ್ಮನ ಚಹರೆ ಹೇಳಿ ಕೇಳಿದಳು. ನೀರಪ್ಪ ಕಣ್ಣು ಮುಚ್ಚಿ ಯೋಚಿಸಿ ತಲೆಯಾಡಿಸಿದ. “ಇಲ್ಲವ್ವಾ. ಅಂಥವ ಈ ಕಡೆ ಬಂದಿಲ್ಲ. ನನ್ನ ಕೈಯಾಗೆ ನೀರು ಕುಡಿದವರನ್ನ ನಾನು ಮರೆಯಾಕಿಲ್ಲ” ಎಂದ. ವಯಸ್ಸಾಗಿದೆ, ಮರೆತಿರುತ್ತಾರೆ ಎಂದುಕೊಂಡು ಅವಳು ಅವನಿಗೆ ಅಡ್ಡಬಿದ್ದು ಮುಂದೆ ನಡೆದಳು.

ಕಣಿವೆಯ ಆಚೆಬುಡದಲ್ಲಿ ಅವನನ್ನು ಕಂಡವರು ಯಾರೂ ಇರಲಿಲ್ಲ. ಸುಂಕದ ಕಟ್ಟೆಯವರಿಗೆ ಗೊತ್ತಿರಲಿಲ್ಲ. ಹೊಲದಲ್ಲಿದ್ದವರು, ಕೆರೆಯೇರಿಯ ಮೇಲೆ ದನ ಕಾಯುವವರು, ಪೇಟೆಯ ಕಂಬಳಿ ಅಂಗಡಿಯವರು, ಯಾರಿಗೂ. ಈಚೆ ಕಡೆ ಕೇಳಿದವರೆಲ್ಲ ನೆನೆದ ಹುಡುಗನನ್ನು ಆಚೆ ಕಡೆ ಒಬ್ಬರೂ ನೋಡಿರಲಿಲ್ಲ. ಮಾಳವ್ವನಿಗೆ ಆಗ ಒಂದು ಮಾತು ಹೊಳೆಯಿತು. ತಮ್ಮ ಕಣಿವೆಯ ಒಳಗೆ ಹೋಗಿದ್ದಾನೆ, ಹೊರಗೆ ಬಂದಿಲ್ಲ. ಚಿರತೆಯಿರಬಹುದು, ಕಳ್ಳರಿರಬಹುದು, ಬಂಡೆ ಜಾರಿ ಎಲ್ಲೋ ಕೊರಕಲಿನಲ್ಲಿ ಬಿದ್ದಿರಬಹುದು. ಹೇರೆತ್ತಿನವರು ಪೇಟೆಯಲ್ಲೇ ಉಳಿದರು. ಅವಳಿಗೆ ಅವರನ್ನು ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಒಬ್ಬಳೇ ಹೊರಟಳು.

ಆ ದಿನ ಕಣಿವೆಯಲ್ಲಿ ಅವಳು ನಡೆದ ನಡಿಗೆಯನ್ನು ಹಿರಿಯರು ನಿಧಾನವಾಗಿ ಹೇಳುತ್ತಾರೆ. ನಡುಹಗಲ ಬಿಸಿಲು. ಗಾಳಿಯಿಲ್ಲ. ತನ್ನ ಹೆಜ್ಜೆಯ ಸದ್ದೇ ಬಂಡೆಗೆ ಬಡಿದು ಹಿಂದಿನಿಂದ ಯಾರೋ ಬಂದಂತಾಗುತ್ತಿತ್ತು. ನಿಂತರೆ ಅದೂ ನಿಲ್ಲುತ್ತಿತ್ತು. ಪ್ರತಿ ಕೊರಕಲಿನ ಬಳಿ ಬಗ್ಗಿ ನೋಡಿದಳು, ನೋಡಲು ಹೆದರಿದಳು, ಹೆದರುತ್ತಲೇ ನೋಡಿದಳು. ತಮ್ಮನ ಹೆಸರು ಹಿಡಿದು ಕೂಗಬೇಕೆನ್ನಿಸಿತು. ಕೂಗಿದರೆ ಇನ್ನಾರೋ ಓಗೊಟ್ಟರೆ ಎಂಬ ಭಯಕ್ಕೆ ಬಾಯಿ ಬರಲಿಲ್ಲ. ಹೀಗೆ ಜೀವ ಕೈಯಲ್ಲಿ ಹಿಡಿದು ಏರು ಹತ್ತಿ, ನೆತ್ತಿಯ ಮೇಲೆ ಅರವಟಿಗೆಯ ಚಪ್ಪರ ಕಂಡಾಗ, ತಂದೆಯ ಮನೆಯೇ ಕಂಡಂತಾಗಿ ಕಣ್ಣಲ್ಲಿ ನೀರು ಬಂತು.

ನೀರಪ್ಪ ಅವಳನ್ನು ನೆರಳಲ್ಲಿ ಕೂರಿಸಿದ. ಗುಂಪಿನ ನಡುವೆ ನೋಡಿದ್ದ ಮುಖ ಅವನಿಗೆ ಗುರುತು ಸಿಕ್ಕಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕಿದ.

“ಒಬ್ಬಾಕೆನೇ ಬಂದ್ಯೇನು ತಾಯಿ?”

“ಹೂಂ ಅಪ್ಪಾವರೇ.”

“ಹಿಂದೆ ಯಾರಾದ್ರೂ ಬರಾರದಾರಾ?”

“ಇಲ್ರೀ.”

“ಮುಂದಿನ ಊರಾಗೆ ದಾರಿ ಕಾಯಾರು?”

“ಯಾರೂ ಇಲ್ಲ” ಎಂದಳು. ಎಂದ ಮೇಲೆ ಅವಳಿಗೆ ನೆನಪಾಯಿತು: ಹೇರೆತ್ತಿನವರ ಜೊತೆ ಬಂದ ದಿನ ಇವನು ಇದೊಂದನ್ನೂ ಕೇಳಿರಲಿಲ್ಲ.

ನೀರಪ್ಪ ಎದ್ದು ಒಳಗೆ ಹೋದ. ಹೊರಗೆ ಚಪ್ಪರದಡಿಯಲ್ಲಿ ತಣ್ಣೀರಿನ ಗುಡಾಣಗಳು ಸಾಲಾಗಿದ್ದವು. ಅವನು ಅವುಗಳನ್ನು ಮುಟ್ಟಲಿಲ್ಲ. ಒಳಗಿನಿಂದ ಕಂಚಿನ ಬಟ್ಟಲಲ್ಲಿ ಮಜ್ಜಿಗೆ ತಂದ. ಅಷ್ಟರಲ್ಲಿ ಅವನ ತಮ್ಮಂದಿರು ಎಲ್ಲಿಂದಲೋ ಬಂದು, ಒಬ್ಬ ದಾರಿಯ ಈಚೆಗೆ, ಒಬ್ಬ ಆಚೆಗೆ ಕುಳಿತರು. ಅವಳ ಕಡೆ ನೋಡಲಿಲ್ಲ. ಯಾವುದೋ ಕೆಲಸ ಶುರುವಾಗಲು ಕಾಯುತ್ತಿರುವ ಕೂಲಿಯವರ ಹಾಗೆ ಸುಮ್ಮನೆ ಕುಳಿತಿದ್ದರು. ಮಾಳವ್ವ ಬಟ್ಟಲನ್ನು ತುಟಿಯ ಹತ್ತಿರ ತಂದಳು. ಹುಳಿಯ ಅಡಿಯಲ್ಲಿ ಹಸಿ ಎಲೆಯನ್ನು ಹಿಚುಕಿದಂಥ ಕಮಟು. ಬಟ್ಟಲನ್ನು ಕೆಳಗಿಳಿಸಿದಳು.

“ಇವತ್ತು ನನ್ನದು ಒಪ್ಪತ್ತು ಅಪ್ಪಾವರೇ. ಬರೀ ನೀರು ಕೊಡ್ರಿ” ಎಂದಳು.

“ಮಜ್ಜಿಗೆಗೆ ಒಪ್ಪತ್ತಿನ ದೋಷ ಇಲ್ಲ ತಾಯಿ. ಕುಡಿ.”

“ಆಮ್ಯಾಲೆ ಕುಡೀತೀನ್ರೀ.”

“ಈಗ ಕುಡಿ. ಎಷ್ಟು ದಣಿದೀಯ ನೋಡು” ಎಂದ ನೀರಪ್ಪ. ದನಿಯಲ್ಲಿ ಒಂದಿಷ್ಟೂ ಗಡಸಿರಲಿಲ್ಲ. ಅದೇ ಮೆತ್ತಗಿನ ದನಿ. ಅವಳಿಗೆ ಓಡಬೇಕೆನ್ನಿಸಿತು; ದಾರಿಯ ಎರಡೂ ಕಡೆ ತಮ್ಮಂದಿರು ಕುಳಿತಿದ್ದರು. ಅವಳ ಪುಣ್ಯವೋ ಮೈಲಾರಿಯ ಪುಣ್ಯವೋ, ಕಣಿವೆಯ ತಿರುವಿನಲ್ಲಿ ಹೇರೆತ್ತುಗಳ ಗಂಟೆ ಕೇಳಿಸಿತು. ತಮ್ಮಂದಿರು ಎದ್ದು ಸೊಂಟದ ಮಣ್ಣು ಕೊಡವಿಕೊಂಡು ಗುಡಾಣಗಳ ಕಡೆ ಹೋದರು. ನೀರಪ್ಪ ನಗುತ್ತಲೇ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು, “ಬ್ಯಾಡಾದ್ರೆ ಬ್ಯಾಡ ಬಿಡವ್ವ” ಎಂದು ಆಚೆಯ ಬಂಡೆಸಂದಿಗೆ ಹೋಗಿ ಚೆಲ್ಲಿದ. ಕೆಂಪ ನಾಯಿ ಬಾಲವಾಡಿಸುತ್ತ ಅತ್ತ ಓಡಿತು. ನೀರಪ್ಪ ಅದನ್ನು ಕಾಲಿನಿಂದ ಝಾಡಿಸಿ ಒದ್ದ. ಅದು ಕುಂಯ್ಗುಟ್ಟಿ ದೂರ ಹೋಗುವವರೆಗೂ ಅಲ್ಲೇ ನಿಂತು, ಚೆಲ್ಲಿದ ಜಾಗಕ್ಕೆ ಮಣ್ಣೆಳೆದ. ತಾನು ಉಣ್ಣುವ ಮುಂಚೆ ನಾಯಿಗೆ ಇಡುವವನು. ಮಾಳವ್ವ ಅದನ್ನು ಕಂಡಳು. ತಮ್ಮ ಎಲ್ಲಿದ್ದಾನೆಂದು ಆಗ ಅವಳಿಗೆ ತಿಳಿಯಿತು.

ಹೊಸದಾಗಿ ಬಂದ ಗುಂಪಿನ ಹಿಂದೆ ಸೇರಿಕೊಂಡು ಬಿಳಿಗಲ್ಲಿಗೇ ಮರಳಿದಳು. ಪೇಟೆಯಲ್ಲೇ ಉಳಿದಿದ್ದ ಮೊದಲಿನ ಹೇರೆತ್ತಿನವರ ಯಜಮಾನನಿಗೆ ಕಂಡದ್ದನ್ನೆಲ್ಲ ಹೇಳಿದಳು. ಅವನು ಎರಡೂ ಕಿವಿ ಮುಚ್ಚಿಕೊಂಡ. “ನಮ್ಮಪ್ಪನ ಕಾಲದಿಂದ ಅವರ ಕೈ ನೀರು ಕುಡಿದು ಬದುಕಿದೀವಿ. ಬಿಸಿಲಿಗೆ ನಿನ್ನ ತಲೆ ಕೆಟ್ಟೈತೆ” ಎಂದ. ಕೋಟೆಯ ಬಾಗಿಲಲ್ಲಿ ಹೇಳಿದಳು, ಕಾವಲಿನವರು ನಕ್ಕರು. ಚಾವಡಿಯಲ್ಲಿ ಹೇಳಿದಳು, ಧರ್ಮವಂತನ ಮೇಲೆ ಇಂಥ ಮಾತಾಡಿದರೆ ನಾಲಿಗೆಗೆ ಹುಳ ಬೀಳುತ್ತದೆ ಎಂದು ಗದರಿದರು. ಕಣಿವೆಯಿಂದ ನೀರಪ್ಪನ ತಮ್ಮನೊಬ್ಬ ಪೇಟೆಗೆ ಬಂದವನು ಕೋಟೆ ಬಾಗಿಲಲ್ಲಿ ಕುಳಿತಿದ್ದ ಅವಳನ್ನು ಕಂಡು ನಿಂತು, ಬಹಳ ಹೊತ್ತು ನೋಡಿ ಹೋದ. ಅಂದಿನಿಂದ ಅವಳು ಯಾರ ಮನೆಯ ಅನ್ನವನ್ನೂ ಮುಟ್ಟಲಿಲ್ಲ. ತಾನೇ ಬೇಯಿಸಿದ್ದನ್ನಷ್ಟೇ ತಿಂದಳು. ಒರಗುವಾಗ ಬೆನ್ನಿಗೆ ಗೋಡೆ ಇರುವಂತೆ ನೋಡಿಕೊಂಡಳು.

ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ನ್ಯಾಯ ಕೇಳುವುದನ್ನು ನಿಲ್ಲಿಸಿ ಬೇರೆ ಒಂದು ಪ್ರಶ್ನೆ ಕೇಳತೊಡಗಿದಳು. ಮೂಡಲಿಂದ ಬಂದವರು, ಪಡುವಲಿಂದ ಹೋಗುವವರು, ಯಾರೇ ಹಾದುಹೋದರೂ, “ನಿಮ್ಮ ಕಡೆ ಯಾರಾದ್ರೂ ಕಣಿವೆ ದಾರಿಗೆ ಒಬ್ಬರೇ ಹೋಗಿ ಬರದೆ ಉಳಿದೋರು ಅದಾರಾ?” ಎಂದು ಕೇಳುವುದು. ಮೊದಮೊದಲು ಜನ ಮುಖ ತಿರುಗಿಸಿದರು. ಆಮೇಲೆ ಒಬ್ಬ ಮುದುಕಿ ನಿಂತಳು; ಅವಳ ಮಗ ಬಳೆ ಮಾರಲು ಹೋದವನು, ಸಾಲಕ್ಕೆ ಹೆದರಿ ದೇಶಾಂತರ ಹೋದನೆಂದು ಊರು ಹೇಳಿತ್ತು. ಒಬ್ಬ ಕುಂಬಾರ ಬಂದ. ಅವನ ಹೆಂಡತಿ ತವರಿಗೆಂದು ಹೊರಟು ಯಾರ ಜೊತೆಗೋ ಓಡಿಹೋದಳೆಂದು ಜನ ಆಡಿಕೊಂಡಿದ್ದರು, ಅವನು ಅದನ್ನು ನಂಬಿ ಅವಳಿಗೆ ಶಾಪ ಹಾಕಿದ್ದ. ಮಾಳವ್ವನ ಮಾತು ಕೇಳಿ ಆ ಗಂಡಸು ಕೋಟೆಯ ಬಾಗಿಲಲ್ಲೇ ಅವಳ ಪಕ್ಕ ಕುಳಿತ. ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ದೂರದೂರದ ಊರುಗಳಿಂದ ಜನ ಬಂದರು. ತಮ್ಮ ಮನೆಯದೇ ಮಾನ ಹೋಯಿತೆಂದು ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೂಗಾಡಲಿಲ್ಲ. ನಾಯಕ ಅರಮನೆಯಿಂದ ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು, ಅಷ್ಟೆ.

ನಾಯಕನಿಗೆ ಆ ನಿಲುವು ತಡೆಯಲಾಗಲಿಲ್ಲ. ಮಾಳವ್ವನನ್ನು ಕರೆಸಿದ. “ಏನು ಮಾಡಬೇಕು ಅಂತೀಯ?” ಎಂದು ಕೇಳಿದ. “ನಾನು ಇನ್ನೊಂದು ಸಾರಿ ಒಬ್ಬಳೇ ಹೋಗ್ತೀನಿ. ತಾವು ಗುಡ್ಡದ ಹಿಂದಿನ ಕುರಿದಾರಿ ಹಿಡಿದು ಬಂದು ಬಂಡೆ ಮರೆಯಾಗೆ ಕೂತು ನೋಡ್ರಿ. ಬಟ್ಟಲು ನನ್ನ ಕೈಗೆ ಬಂದಾಗ ಎತ್ತಿ ಹಿಡೀತೀನಿ” ಎಂದಳು. ನಾಯಕ ಒಪ್ಪಿದ. ಒಪ್ಪಿ ಹೇಳಿದ: “ಅವರು ಕೊಟ್ಟದ್ದು ಬರೀ ನೀರೇ ಆದ್ರೆ, ನಾನು ಕಾಲು ಮುಟ್ಟಿದವರ ಮೇಲೆ ಸುಳ್ಳಾಡಿದ ನಿನ್ನ ನಾಲಿಗೆ ಅಲ್ಲೇ ಕೊಯ್ಯಿಸ್ತೀನಿ.” ಅವಳು ಹೂಂ ಎಂದಳು.

ಎರಡನೆಯ ಸಾರಿ ಏರು ಹತ್ತುವಾಗ ಅವಳು ಮುದುಕಿಯಂತೆ ಸೆರಗು ಮುಖದ ಮೇಲೆಳೆದು, ಕೈಯಲ್ಲಿ ಕೋಲು ಹಿಡಿದು, ತಲೆಯ ಮೇಲೆ ಗಂಟು ಹೊತ್ತಿದ್ದಳು. ಕುರಿದಾರಿಯ ಕಡೆ ತಿರುಗಿ ನೋಡಬಾರದೆಂದು ಕತ್ತು ಬಿಗಿಹಿಡಿದಳು. ಮೇಲೆ ಜನ ಬಂದಿದ್ದಾರೋ ಇಲ್ಲವೋ, ನಾಯಕನಿಗೆ ಮನಸ್ಸು ತಿರುಗಿದೆಯೋ, ತಿಳಿಯುವ ದಾರಿಯಿರಲಿಲ್ಲ. ಬಂಡೆಗಳು ಅಂದಿನ ಹಾಗೇ ಸುಮ್ಮನಿದ್ದವು. ವಿಷ ಕೊಟ್ಟರೆ ಜೀವ ಹೋಗಬಹುದು, ಕೊಡದಿದ್ದರೆ ನಾಲಿಗೆ ಹೋಗುತ್ತದೆ. ಬದುಕಿನಲ್ಲಿ ಮೊದಲ ಸಲ, ನನಗೆ ವಿಷವನ್ನೇ ಕೊಡಲಿ ಎಂದು ಅವಳು ಮನೆದೇವರಿಗೆ ಕೈಮುಗಿದಳು ಎನ್ನುತ್ತಾರೆ.

ನೀರಪ್ಪ ನೆರಳಲ್ಲಿ ಕೂರಿಸಿದ, ಗಾಳಿ ಹಾಕಿದ, ಕೇಳಿದ. ಒಬ್ಬಳೇ. ಹಿಂದೆ ಯಾರೂ ಇಲ್ಲ. ಮುಂದೆ ಯಾರೂ ಇಲ್ಲ. ಅವಳು ಮುದುಕಿಯ ಒಡಕು ದನಿಯಲ್ಲಿ ಉತ್ತರಿಸಿದಳು. ಅವನು ಒಳಗೆ ಹೋದ. ತಮ್ಮಂದಿರು ಬಂದು ಕುಳಿತರು. ಕಂಚಿನ ಬಟ್ಟಲು ಅವಳ ಕೈಗೆ ಬಂತು. ಅದೇ ಹುಳಿ, ಅದೇ ಕಮಟು. ಅವಳು ಎದ್ದು ನಿಂತು ಬಟ್ಟಲನ್ನು ಎರಡೂ ಕೈಯಿಂದ ಮೇಲೆತ್ತಿದಳು. ಸೆರಗು ಜಾರಿತು. ನೀರಪ್ಪ ಅವಳ ಮುಖ ನೋಡಿದ.

“ನೀನಾ” ಎಂದ. ಸಿಟ್ಟಾಗಲಿಲ್ಲ. ಏನೋ ನೆನಪಾದವನಂತೆ ತಲೆಯಾಡಿಸಿದ. “ಆ ಹುಡುಗನ ಅಕ್ಕ ಅಲ್ವಾ. ಕಣ್ಣು ಮಂಜಾದ ಮ್ಯಾಲೂ ಅಕ್ಕಾ ಅಕ್ಕಾ ಅಂತಿದ್ದ. ನನ್ನನ್ನೇ ತನ್ನ ಅಕ್ಕ ಅಂದ್ಕಂಡಿದ್ದ.”

ಹಿಂದಿನಿಂದ ಒಬ್ಬ ತಮ್ಮ ಎದ್ದ. ಅವನ ಕೈಯಲ್ಲಿ ಹುರಿಯ ಹಾಗೆ ತಿರುಚಿದ ಹೆಗಲಿನ ವಲ್ಲಿಬಟ್ಟೆಯಿತ್ತು. ಗುಡ್ಡದಿಂದ ಯಾರೂ ಇಳಿಯಲಿಲ್ಲ. ಎತ್ತಿದ ಬಟ್ಟಲಿನಿಂದ ತುಳುಕಿದ ಮಜ್ಜಿಗೆ ಮೊಣಕೈವರೆಗೆ ಇಳಿಯಿತು. ಮಾಳವ್ವ ಕಣ್ಣು ಮುಚ್ಚಿಕೊಂಡಳು. ಆದರೆ ಬಟ್ಟಲನ್ನು ಕೆಳಗಿಳಿಸಲಿಲ್ಲ. ಆಗ ಮೇಲೆಲ್ಲೋ ಒಂದು ಕಲ್ಲುರುಳಿತು. ಇನ್ನೊಂದು ಉರುಳಿತು. ಕಣ್ಣು ತೆರೆದಾಗ ಬಂಡೆಗಳ ಹಿಂದಿನಿಂದ ನಾಯಕನೂ ಅವನ ಆಳುಗಳೂ, ಅವರ ಹಿಂದೆ ಬಳೆಗಾರನ ತಾಯಿಯೂ ಕುಂಬಾರನೂ ಉಳಿದವರೂ ಇಳಿಯುತ್ತಿದ್ದರು.

ನೀರಪ್ಪ ಓಡಲಿಲ್ಲ. ನಾಯಕನ ಎದುರು ಕೈಜೋಡಿಸಿ ನಿಂತು ಕಣ್ಣೀರು ತಂದುಕೊಂಡ. ತಲೆ ಕೆಟ್ಟ ಹೆಂಗಸು, ದಣಿದಿದ್ದಳು, ಮಜ್ಜಿಗೆ ಕೊಟ್ಟೆ, ಅದೂ ತಪ್ಪೇ ಎಂದ. ವಲ್ಲಿಬಟ್ಟೆ ಹಿಡಿದವನು ಅದರಿಂದ ಬೆವರು ಒರೆಸಿಕೊಂಡ. ಮೇಲಿದ್ದವರಿಗೆ ಮಾತು ಕೇಳಿಸಿರಲಿಲ್ಲ. ಕಂಡದ್ದು ಬಟ್ಟಲು ಮಾತ್ರ. ನಾಯಕ ಅತ್ತ ಇತ್ತ ನೋಡಿದ. ಅವನ ಮುಖದಲ್ಲಿ ಹಳೆಯ ಭಕ್ತಿ ಮರಳಿ ಬರುತ್ತಿರುವುದು ಮಾಳವ್ವನಿಗೆ ಕಂಡಿತು. ಅವಳು ಬಟ್ಟಲನ್ನು ನೀರಪ್ಪನ ಎದೆಯ ಮುಂದೆ ಹಿಡಿದಳು.

“ನೀ ಕುಡಿ” ಎಂದಳು.

ಆ ಮನುಷ್ಯನನ್ನು ಒಬ್ಬರು ‘ನೀ’ ಎಂದದ್ದನ್ನು ಅಲ್ಲಿದ್ದವರು ಕೇಳಿದ್ದು ಅದೇ ಮೊದಲು. ನೀರಪ್ಪ, ತಾನು ಮಜ್ಜಿಗೆ ಬಿಟ್ಟು ವರ್ಷಗಳಾದವು, ವ್ರತವಿದೆ ಎಂದ. ಅವಳು ಮತ್ತೆ, “ನೀ ಕುಡಿ” ಎಂದಳು. ಕುಂಬಾರ ಅಂದ. ಬಳೆಗಾರನ ತಾಯಿ ಅಂದಳು. ಕೂಗಲಿಲ್ಲ, ಒಬ್ಬೊಬ್ಬರಾಗಿ ಅಂದರು. ಆದರೂ ಕಣಿವೆ ಆ ಮಾತನ್ನು ಹಿಡಿದುಕೊಂಡು ಈ ಗುಡ್ಡದಿಂದ ಆ ಗುಡ್ಡಕ್ಕೆ ಒಯ್ಯಿತು. ಬೇರೆ ಬೇರೆ ಗಂಟಲುಗಳಿಂದ, ಎಷ್ಟೋ ಜನ ಸೇರಿ ಹೇಳುತ್ತಿರುವಂತೆ ಕೇಳಿಸಿ ಆಳುಗಳು ಹಿಂದೆ ತಿರುಗಿ ನೋಡಿದರಂತೆ. ನೀರಪ್ಪ ಮಾತ್ರ ಮಿಸುಕಲಿಲ್ಲ. “ವ್ರತ ಮುರೀಬ್ಯಾಡ ಅಂತ ನಾಯಕರೇ ಅಪ್ಪಣೆ ಕೊಡಿಸ್ಲಿ” ಎಂದ. ನಾಯಕ ಬಾಯಿ ತೆರೆದ.

ಆಗ ಮಾಳವ್ವ ಬಗ್ಗಿ ಬಟ್ಟಲನ್ನು ನೆಲದ ಹತ್ತಿರ ಹಿಡಿದಳು. ಕೆಂಪ ನಾಯಿ ಮೂಸುತ್ತ ಬಂತು. ನಿಜವಾಗಿಯೂ ಅದಕ್ಕೆ ಕುಡಿಸುತ್ತಿದ್ದಳೋ ಇಲ್ಲವೋ ತನಗೇ ಗೊತ್ತಿಲ್ಲವೆಂದು ಮುಂದೆ ಅವಳು ಹೇಳುತ್ತಿದ್ದಳಂತೆ. ನಾಯಿ ಮೂತಿ ಚಾಚುವಷ್ಟರಲ್ಲಿ ನೀರಪ್ಪ ಎರಡೂ ಮೊಣಕಾಲೂರಿ ಬಿದ್ದು ಅದರ ಕತ್ತನ್ನು ತಬ್ಬಿ ಹಿಂದಕ್ಕೆಳೆದುಕೊಂಡ.

“ಇದಕ್ಕೆ ಬ್ಯಾಡ” ಎಂದ.

ಆಮೇಲೆ ಯಾರೂ ಏನನ್ನೂ ಕೇಳಬೇಕಾಗಿ ಬರಲಿಲ್ಲ. ಕಿರಿಯ ತಮ್ಮ ಅಲ್ಲೇ ಕುಳಿತು ಅಳುತ್ತ ಎಲ್ಲವನ್ನೂ ಹೇಳಿದ: ಉಮ್ಮತ್ತಿಯ ವಿಷಬೀಜ ಅರೆದು ಮಜ್ಜಿಗೆಗೆ ಬೆರೆಸುತ್ತಿದ್ದುದು, ಕುಡಿದವರು ತೊದಲಲು ಶುರುಮಾಡಿದ ಮೇಲೆ ಬಟ್ಟೆ ಬಿಗಿಯುತ್ತಿದ್ದುದು, ಸರಕನ್ನು ದೂರದ ಸಂತೆಗೆ ಸಾಗಿಸುತ್ತಿದ್ದುದು. ಅರವಟಿಗೆಯ ಹಿಂದಿನ ಕೊರಕಲನ್ನು ಅಗೆದರು. ಅಗೆದಷ್ಟೂ ಎಲುಬು ಸಿಕ್ಕಿತು. ಬಳೆಗಾರನ ತಾಯಿ ಮಗನ ಸೊಂಟದ ಉಡಿದಾರದ ತಾಯಿತವನ್ನು ಗುರುತಿಸಿದಳು. ಕುಂಬಾರ ಒಂದು ಕಾಲುಂಗುರ ಹಿಡಿದು ಹೆಂಡತಿಯ ಹೆಸರು ಹೇಳಿ, ಅವಳ ಕ್ಷಮೆ ಕೇಳಿ ಗೋಳಾಡಿದ. ಮಾಳವ್ವ ಒಂದೊಂದರ ಮುಂದೆಯೂ ಕುಳಿತು ನೋಡಿದಳು. ಯಾವುದು ತನ್ನ ತಮ್ಮನೆಂದು ಅವಳಿಗೆ ಗುರುತಾಗಲಿಲ್ಲ. ಅವನ ಕಿವಿಯ ಒಂಟಿಯನ್ನು ಈ ಅಣ್ಣತಮ್ಮಂದಿರು ಎಂದೋ ಮಾರಿದ್ದರು. ಕೊನೆಗೆ, ಕೇಳುವವರಿಲ್ಲದೆ ಉಳಿದ ಅಷ್ಟಕ್ಕೂ ತಾನೇ ಹಾಲು ತುಪ್ಪ ಬಿಟ್ಟಳು. ಎಲ್ಲರನ್ನೂ ತಮ್ಮಾ ಎಂದೇ ಕರೆದಳು.

ಅಣ್ಣತಮ್ಮಂದಿರಿಗೆ ಕಣಿವೆಯ ಬಾಯಲ್ಲೇ ಗಲ್ಲಾಯಿತು ಎನ್ನುತ್ತಾರೆ. ಅದಕ್ಕೆ ಮುಂಚೆ ಮಾಳವ್ವ ನಾಯಕನಲ್ಲಿ ಒಂದೇ ಒಂದನ್ನು ಬೇಡಿಕೊಂಡಳು: ಸತ್ತವರ ಹೆಸರುಗಳನ್ನು ನೀರಪ್ಪನ ಬಾಯಿಂದ ಹೇಳಿಸಬೇಕು, ಎಲ್ಲೆಲ್ಲೋ ಕಾಯುತ್ತಿರುವ ಅವರ ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ನೀರಪ್ಪ ಬಹಳ ಯೋಚಿಸಿದ. ಅವನು ಆಗ ಸುಳ್ಳು ಹೇಳುತ್ತಿರಲಿಲ್ಲ ಎಂದು ನೋಡಿದವರಿಗೆಲ್ಲ ಅನ್ನಿಸಿತು. “ಒಬ್ಬರೇನಾ ಅಂತ ಕೇಳ್ತಿದ್ದೆ. ದಾರಿ ಕಾಯಾರು ಅದಾರಾ ಅಂತ ಕೇಳ್ತಿದ್ದೆ. ಹೆಸರು ಯಾರದ್ದೂ ಕೇಳಿಲ್ಲ” ಎಂದ.

ಮಾಳವ್ವ ಜಾಲಿಹಟ್ಟಿಗೆ ಮರಳಲಿಲ್ಲ. ಆ ಕಣಿವೆಗೆ ನೀರು ಬೇಕೇ ಬೇಕಿತ್ತು, ಆದರೆ ಅಲ್ಲಿ ಕೊಟ್ಟ ನೀರನ್ನು ಕುಡಿಯುವ ಧೈರ್ಯ ಇನ್ನು ಯಾರಿಗೂ ಇರಲಿಲ್ಲ. ಅವಳೇ ಗುಡಾಣ ಇಟ್ಟುಕೊಂಡು ಕುಳಿತಳು. ಬಂದವರ ಎದುರು ಅದೇ ಪಾತ್ರೆಯಿಂದ ಮೊದಲ ಗುಟುಕನ್ನು ತಾನು ಕುಡಿದು ತೋರಿಸುತ್ತಿದ್ದಳು. ಸಾಯುವವರೆಗೂ ಹಾಗೆಯೇ ಮಾಡಿದಳು. ಕೆಂಪ ನಾಯಿ ಅವಳ ಬಳಿಯೇ ಉಳಿದು ಮುದಿಯಾಗಿ ಸತ್ತಿತಂತೆ.

ಈಗಲೂ ಬೇಸಿಗೆಯಲ್ಲಿ ಬುಡದ ಹಳ್ಳಿಯವರು ಸರದಿಯ ಮೇಲೆ ಆ ಕಲ್ಲುಮಂಟಪದಲ್ಲಿ ನೀರಿಡುತ್ತಾರೆ. ಮಂಟಪದ ಹಿಂದೆ, ಕೊರಕಲಿನ ಅಂಚಿಗೆ, ಉಳಿ ತಾಗದ ಗುಂಡುಕಲ್ಲುಗಳು ಸಾಲಾಗಿ ನಿಂತಿವೆ. ಮೊಲದಷ್ಟು ಎತ್ತರದವು ಕೆಲವು, ಕರುವಿನಷ್ಟು ಎತ್ತರದವು ಕೆಲವು. ಒಂದರ ಮೇಲೂ ಅಕ್ಷರವಿಲ್ಲ. ಬೆಳಗ್ಗೆ ಗುಡಾಣ ತುಂಬಿದವರು ಅವುಗಳ ನೆತ್ತಿಗೆ ಒಂದೊಂದು ತಂಬಿಗೆ ನೀರು ಹೊಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಆರಿಸಿಬಿಡುತ್ತದೆ. ಲಾರಿ ನಿಲ್ಲಿಸಿ ಬಂದವರಿಗೆ ನೀರು ಕೊಡುವ ಹೆಂಗಸು ಮೊದಲು ತಾನೊಂದು ಗುಟುಕು ಕುಡಿದು, ಲೋಟ ಮುಂದೆ ಚಾಚಿ, “ನಿಮ್ಮ ಹೆಸರೇನು?” ಎಂದು ಕೇಳುತ್ತಾಳೆ. ಹೇಳಿದರೆ ಅದನ್ನು ಒಂದು ಸಲ ತನ್ನ ಬಾಯಲ್ಲಿ ಅಂದುಕೊಳ್ಳುತ್ತಾಳೆ. ಜೊತೆಗೆ ಯಾರಿದ್ದಾರೆ, ದಾರಿ ಕಾಯುವವರು ಯಾರಿದ್ದಾರೆ ಎಂದು ಮಾತ್ರ ಆ ಕಣಿವೆಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.